ಪೈ ಝೀರೋ ಡಬ್ಲ್ಯು ಬೋರ್ಡಿಗೆ ಕ್ರಾಸ್ ಕಂಪೈಲ್: ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ದೋಷ ಏಕೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ರಾಸ್ಪ್‌ಬೆರಿ ಪೈ ಝೀರೋ ಡಬ್ಲ್ಯು ಬೋರ್ಡಿನಲ್ಲಿ ತಾಪಮಾನ ಮತ್ತು ತೇವಾಂಶದ ಸೆನ್ಸರುಗಳನ್ನು ಓದಿ, ಆ ಅಳತೆಗಳನ್ನು ಮೊಸ್ಕಿಟೋ ಎಂಬ ಸಂದೇಶ ರವಾನೆಯ ಲೈಬ್ರರಿಯ ಮೂಲಕ ಸರ್ವರಿಗೆ ಕಳುಹಿಸುವ ಸಿ ಪ್ಲಸ್ ಪ್ಲಸ್ ಪ್ರೋಗ್ರಾಮೊಂದನ್ನು ಬರೆಯುತ್ತಿದ್ದೇನೆ. ಬೋರ್ಡಿನಲ್ಲಿರುವುದು 512 ಎಂಬಿ ಮೆಮೊರಿ. ಅಲ್ಲಿಯೇ ಕಂಪೈಲ್ ಮಾಡಲು ಹೋದರೆ ಮೆಮೊರಿ ಸಾಲದೆ ಕೆಲಸ ಅರ್ಧಕ್ಕೇ ನಿಂತುಹೋಗುತ್ತದೆ.

ಆದ್ದರಿಂದ ಉಬುಂಟು 22.04 ಇರುವ ಲ್ಯಾಪ್‌ಟಾಪಿನಲ್ಲಿ ಆರ್ಮ್-ಎಚ್‌ಎಫ್‌ಗಾಗಿ ದೊರೆಯುವ ಜಿಸಿಸಿ ಕ್ರಾಸ್ ಕಂಪೈಲರನ್ನು (ಒಂದು ಯಂತ್ರದಲ್ಲಿ ಕುಳಿತು ಬೇರೆ ಬಗೆಯ ಪ್ರೊಸೆಸರಿಗೆ ಪ್ರೋಗ್ರಾಮ್ ಕಟ್ಟುವ ಸಾಧನ) ಹಾಕಿಕೊಂಡು, ಒಂದೇ ಸಾಲು ಮುದ್ರಿಸುವ ಪುಟ್ಟ ಪ್ರೋಗ್ರಾಮಿನಿಂದ ಪರೀಕ್ಷೆ ಆರಂಭಿಸಿದೆ. ಬೋರ್ಡಿನಲ್ಲಿ ಬುಲ್ಸ್‌ಐ ಆವೃತ್ತಿಯ ಪೈ ಓಎಸ್ ಇದೆ. ಅಲ್ಲಿ ಪ್ರೋಗ್ರಾಮನ್ನು ಓಡಿಸಿದಾಗ ಜಿಲಿಬ್‌ಸಿ (ಲಿನಕ್ಸ್‌ನ ಮೂಲ ಸಿ ಲೈಬ್ರರಿ) 2.34 ಸಿಗಲಿಲ್ಲವೆಂಬ ದೂರು ಬಂತು. ಸ್ಟ್ಯಾಟಿಕ್ ಆಗಿ, ಎಂದರೆ ಲೈಬ್ರರಿಯನ್ನೂ ಪ್ರೋಗ್ರಾಮಿನೊಳಗೇ ಸೇರಿಸಿ ಲಿಂಕ್ ಮಾಡಿದಾಗ ಆ ದೂರು ಹೋಗಿ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ನಿಂತಿತು. ಅದೇ ಫೈಲು ಗೆಳೆಯರೊಬ್ಬರ ಪೈ 3ರಲ್ಲಿ ಸರಿಯಾಗಿ ಓಡುತ್ತದೆ. ಆರ್ಮ್ ವಿ6 ಎಂದು ಕಂಪೈಲರಿಗೆ ಸ್ಪಷ್ಟವಾಗಿ ಸೂಚಿಸಿದರೂ ಫಲಿತಾಂಶ ಬದಲಾಗಲಿಲ್ಲ. ತಪ್ಪು ಎಲ್ಲಿದೆ ಎಂದು ತಿಳಿದವರು ದಯವಿಟ್ಟು ವಿವರಿಸಬೇಕು.

ಮೊದಲ ಉತ್ತರ

ನಿಮ್ಮ ಎರಡು ದೋಷಗಳಿಗೂ ಕಾರಣ ಬೇರೆ ಬೇರೆ.

ಪೈ ಝೀರೋ ಡಬ್ಲ್ಯುನಲ್ಲಿರುವ ಬಿಸಿಎಂ 2835 ಚಿಪ್ಪಿನ ಪ್ರೊಸೆಸರ್ ಆರ್ಮ್ ವಿ6 ಪೀಳಿಗೆಯದು. ಡೆಬಿಯನ್ ಮತ್ತು ಉಬುಂಟುಗಳು ‘ಆರ್ಮ್-ಎಚ್‌ಎಫ್’ ಎಂದು ಕರೆಯುವುದು ಆರ್ಮ್ ವಿ7 ಅನ್ನು. ವಿ7ರ ಹೊಸ ಆದೇಶಗಳು ವಿ6 ಪ್ರೊಸೆಸರಿಗೆ ಅರ್ಥವಾಗದಿದ್ದಾಗಲೇ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಬರುತ್ತದೆ. ಹಾಗಾಗಿಯೇ 2012ರಲ್ಲಿ ರಾಸ್ಪ್‌ಬಿಯನ್ ತಂಡವು ಡೆಬಿಯನ್ನಿನ ಪ್ಯಾಕೇಜುಗಳನ್ನು ವಿ6ಕ್ಕೆಂದು ಮತ್ತೆ ಕಂಪೈಲ್ ಮಾಡಬೇಕಾಯಿತು, ಆದರೆ ಹೆಸರು ಮಾತ್ರ ಅದೇ ಉಳಿಯಿತು. ಈ ಒಂದು ಹೆಸರು ಎಷ್ಟೋ ಜನರ ದಿನಗಳನ್ನು ನುಂಗಿದೆ. ನೀವು ಕೊಟ್ಟ ಸೂಚನೆ ನಿಮ್ಮ ಕೋಡಿಗೆ ಮಾತ್ರ ಅನ್ವಯಿಸುತ್ತದೆ. ಅದರೊಂದಿಗೆ ಬೆಸೆದುಕೊಳ್ಳುವ ಆರಂಭಿಕ ಆಬ್ಜೆಕ್ಟ್ ಫೈಲುಗಳು ಮತ್ತು ಸಿ ಲೈಬ್ರರಿ ಉಬುಂಟುವಿನಿಂದ ಬಂದವು, ಅವು ಮೊದಲೇ ವಿ7ಕ್ಕೆ ಕಂಪೈಲ್ ಆಗಿರುತ್ತವೆ. ಪೈ 3ರ ಪ್ರೊಸೆಸರ್ ವಿ7 ಕೋಡನ್ನೂ ಓಡಿಸಬಲ್ಲ ವಿ8 ಆಗಿರುವುದರಿಂದ ಅಲ್ಲಿ ತೊಂದರೆ ಕಾಣಲಿಲ್ಲ.

ಇನ್ನು ಉಬುಂಟು 22.04ರ ಜಿಲಿಬ್‌ಸಿ 2.35, ಬುಲ್ಸ್‌ಐನದು 2.31. 2.34ರಲ್ಲಿ ಪ್ರೋಗ್ರಾಮನ್ನು ಆರಂಭಿಸುವ ಫಂಕ್ಷನ್ನಿಗೇ ಹೊಸ ಆವೃತ್ತಿಯ ಗುರುತು ಬಂದದ್ದರಿಂದ, ಒಂದೇ ಸಾಲಿನ ಪ್ರೋಗ್ರಾಮ್ ಕೂಡ ಹಳೆಯ ಲೈಬ್ರರಿಯಲ್ಲಿ ಓಡುವುದಿಲ್ಲ.

ಕ್ರಾಸ್‌ಟೂಲ್-ಎನ್‌ಜಿ ಬಳಸಿ, ಪ್ರೊಸೆಸರನ್ನು ಆರ್ಮ್ 1176 ಜೆಝಡ್‌ಎಫ್-ಎಸ್ ಎಂದೂ ಫ್ಲೋಟಿಂಗ್ ಪಾಯಿಂಟನ್ನು ಹಾರ್ಡ್ ಎಂದೂ ಜಿಲಿಬ್‌ಸಿಯನ್ನು 2.31 ಎಂದೂ ಆರಿಸಿ, ನಿಮ್ಮದೇ ಟೂಲ್‌ಚೈನನ್ನು (ಕಂಪೈಲರ್, ಲಿಂಕರ್ ಮತ್ತು ಲೈಬ್ರರಿಗಳ ಗುಂಪು) ಕಟ್ಟಿಕೊಳ್ಳಬಹುದು.

ಎರಡನೆಯ ಉತ್ತರ

ಮೇಲಿನ ವಿವರಣೆಯನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರನ್ನು ಬಳಸುವುದು ಇದಕ್ಕಿಂತ ಸುಲಭವೆಂಬುದು ನನ್ನ ಅನುಭವ. ಒಂದೇ ಕ್ಲ್ಯಾಂಗ್ ಹಲವು ಪ್ರೊಸೆಸರುಗಳಿಗೆ ಕೋಡ್ ಹುಟ್ಟಿಸಬಲ್ಲದು, ಡೆಬಿಯನ್ನಿನ ಡೈರೆಕ್ಟರಿ ವ್ಯವಸ್ಥೆಯೂ ಅದಕ್ಕೆ ಗೊತ್ತು. ಮೊಸ್ಕಿಟೋದ ಡೆವ್ ಪ್ಯಾಕೇಜನ್ನು ಬೋರ್ಡಿನಲ್ಲಿ ಹಾಕಿ, ಅಲ್ಲಿಯ ಲಿಬ್, ಯುಎಸ್ಆರ್ ಲಿಬ್ ಮತ್ತು ಯುಎಸ್ಆರ್ ಇನ್‌ಕ್ಲೂಡ್ ಡೈರೆಕ್ಟರಿಗಳನ್ನು ಆರ್‌ಸಿಂಕ್ ಮೂಲಕ ಲ್ಯಾಪ್‌ಟಾಪಿಗೆ ತಂದುಕೊಳ್ಳಿ; ಅದನ್ನೇ ಸಿಸ್‌ರೂಟ್ (ಬೋರ್ಡಿನ ಫೈಲು ವ್ಯವಸ್ಥೆಯ ನಕಲು) ಎಂದು ಕ್ಲ್ಯಾಂಗಿಗೆ ತೋರಿಸಿ, ಲಿಂಕ್ ಮಾಡಲು ಎಲ್‌ಎಲ್‌ಡಿ ಬಳಸಿ. ಆಗ ಆರಂಭಿಕ ಫೈಲುಗಳೂ ಸಿ ಲೈಬ್ರರಿಯೂ ಬೋರ್ಡಿನವೇ ಆಗುತ್ತವೆ.

ಪ್ರೋಗ್ರಾಮನ್ನು ಕಟ್ಟುವ ಹಂತಗಳನ್ನು ನಡೆಸಲು ಸಿಮೇಕ್ ಬಳಸುವಿರಾದರೆ, ಟೂಲ್‌ಚೈನ್ ಫೈಲಿನಲ್ಲಿ ಲೈಬ್ರರಿ ಮತ್ತು ಹೆಡರುಗಳನ್ನು ಸಿಸ್‌ರೂಟಿನೊಳಗೆ ಮಾತ್ರ ಹುಡುಕುವಂತೆಯೂ, ಪ್ರೋಗ್ರಾಮುಗಳನ್ನು ಅಲ್ಲಿ ಹುಡುಕದಂತೆಯೂ ಸೂಚಿಸಿ. ಲೈಬ್ರರಿಗಳು ಎಲ್ಲಿವೆಯೆಂದು ತಿಳಿಸುವ ಪಿಕೆಜಿ-ಕಾನ್‌ಫಿಗ್‌ಗೂ ಸಿಸ್‌ರೂಟಿನ ದಾರಿಯನ್ನು ಹೇಳದಿದ್ದರೆ ಅದು ಲ್ಯಾಪ್‌ಟಾಪಿನ ಲೈಬ್ರರಿಗಳನ್ನು ತೋರಿಸಿಬಿಡುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕ್ಲ್ಯಾಂಗಿನ ದಾರಿ ಹಿಡಿದೆ. ಲಿಂಕ್ ಮಾಡುವಾಗ ಗಣಿತದ ಲೈಬ್ರರಿ ಸಿಗಲಿಲ್ಲವೆಂದು ಒಮ್ಮೆ ನಿಂತಿತು. ಸಿಸ್‌ರೂಟಿನೊಳಗಿನ ಕೆಲವು ಸಿಂಬಾಲಿಕ್ ಲಿಂಕುಗಳು ಸ್ಲ್ಯಾಷ್‌ನಿಂದ ಆರಂಭವಾಗುವ ಪೂರ್ಣ ವಿಳಾಸಗಳಾಗಿದ್ದು, ಲ್ಯಾಪ್‌ಟಾಪಿನ ಮೂಲ ಡೈರೆಕ್ಟರಿಯತ್ತ ಬೊಟ್ಟು ಮಾಡುತ್ತಿದ್ದವು. ಅವನ್ನು ಸಾಪೇಕ್ಷ ಲಿಂಕುಗಳಾಗಿ ಬದಲಿಸುವ ಸಣ್ಣ ಪೈಥಾನ್ ಸ್ಕ್ರಿಪ್ಟ್ ಬರೆದ ಮೇಲೆ ಎಲ್ಲವೂ ಸರಿಹೋಯಿತು. ಫೈಲಿನ ವಿವರ ತೋರಿಸುವ ರೀಡ್‌ಎಲ್ಫ್‌ನಲ್ಲಿ ನೋಡಿದರೆ ಫೈಲು ಈಗ ವಿ6 ಗುಂಪಿನದ್ದೆಂದೇ ತೋರಿಸುತ್ತಿದೆ, ಬೋರ್ಡಿನಿಂದ ಅಳತೆಗಳು ಸರ್ವರಿಗೆ ತಲುಪುತ್ತಿವೆ.

ಎರಡನೆಯ ಉತ್ತರ ಬರೆದವರು

ಸಂತೋಷ. ಮುಂದೆ ಬೋರ್ಡಿನಲ್ಲಿ ಹೊಸ ಲೈಬ್ರರಿ ಹಾಕಿದಾಗ ಅಥವಾ ಅಪ್‌ಡೇಟ್ ಮಾಡಿದಾಗ ಸಿಸ್‌ರೂಟನ್ನು ಮತ್ತೆ ಆರ್‌ಸಿಂಕ್ ಮಾಡಿ, ಆ ಸ್ಕ್ರಿಪ್ಟನ್ನೂ ಮತ್ತೊಮ್ಮೆ ಓಡಿಸಿ. ಆರ್‌ಸಿಂಕ್ ಹಳೆಯ ಲಿಂಕುಗಳನ್ನೇ ಮರಳಿ ತರುತ್ತದೆ.