ಕುಮಾರಪರ್ವತದ ದಾರಿಯ ಕಸ, ಬೇಡದ ರಿಬ್ಬನ್ ತೆಗೆಯೋದು ಹೇಗೆ? ಗೊತ್ತಿರೋರು ತಿಳಿಸಿ

ಪ್ರಶ್ನೆ: ಜನವರಿ ಕೊನೆಯಲ್ಲಿ ನಮ್ಮ ಬಳಗದ 16 ಜನ ಕುಕ್ಕೆ ಕಡೆಯಿಂದ ಹತ್ತಿ ದಾರಿಯ ಕಸ ಹೆಕ್ಕಬೇಕು ಅಂತಿದ್ದೇವೆ. ಮರಕ್ಕೆ ಕಟ್ಟಿರೋ ರಿಬ್ಬನ್, ಬಂಡೆ ಮೇಲಿನ ಬಣ್ಣದ ಬಾಣ, ಪೇರಿಸಿಟ್ಟ ಕಲ್ಲು, ಇವನ್ನೂ ತೆಗೀಬಹುದಾ? ಏನೇನು ಒಯ್ಯಬೇಕು, ಕಸ ಎಲ್ಲಿಗೆ ಮುಟ್ಟಿಸಬೇಕು?

ಘಟ್ಟದಾರಿ: ಮೊದಲು ಅನುಮತಿ. ಈ ದಾರಿ ದಕ್ಷಿಣ ಕನ್ನಡದ ಕಾಡಿನಲ್ಲಿ ಶುರುವಾಗಿ ಕೊಡಗಿನ ಪುಷ್ಪಗಿರಿ ವನ್ಯಜೀವಿ ಧಾಮಕ್ಕೆ ಸೇರುತ್ತೆ. ಹಾಗಾಗಿ ಒಂದು ಕಡೆಯ ವಲಯ ಅರಣ್ಯಾಧಿಕಾರಿ ಒಪ್ಪಿದರೆ ಸಾಲದು, ಎರಡೂ ಕಡೆ ಬರವಣಿಗೆಯಲ್ಲಿ ಕೇಳಿ. ಚಾರಣದ ಟಿಕೆಟ್ ಇದ್ದ ಮಾತ್ರಕ್ಕೆ ಕಾಡೊಳಗಿನ ವಸ್ತು ಮುಟ್ಟೋ ಹಕ್ಕು ಬರಲ್ಲ. ಧಾಮದೊಳಗೆ ಕಸ ಹಾಕೋದನ್ನ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ನೇರವಾಗಿ ನಿಷೇಧಿಸುತ್ತೆ. ಪತ್ರದಲ್ಲಿ ಅದನ್ನೂ ಬರೆಯಿರಿ, ನಿಮ್ಮ ಕೋರಿಕೆಗೆ ತೂಕ ಬರುತ್ತೆ. ಒಬ್ಬ ಫಾರೆಸ್ಟ್ ವಾಚರ್‌ನ ಜೊತೆಗೆ ಕಳಿಸಿ ಅಂತ ಕೇಳಿ. ಯಾವ ಗುರುತು ಇಲಾಖೆಯದು, ಯಾವುದು ಅಲ್ಲ ಅನ್ನೋದು ಅವರಿಗೇ ಗೊತ್ತು.

ತಿಂಗಳು ಸರಿಯಾಗೇ ಆರಿಸಿದ್ದೀರಿ. ಫೆಬ್ರವರಿ ದಾಟಿದರೆ ಕಾಡ್ಗಿಚ್ಚಿನ ಕಾರಣಕ್ಕೆ ದಾರಿ ಮುಚ್ಚಬಹುದು. ಮಳೆಗಾಲಕ್ಕೆ ಮುಂಚೆ ಎತ್ತದೆ ಬಿಟ್ಟ ಕಸ ಜೂನ್‌ನಲ್ಲಿ ಹಳ್ಳ ಸೇರಿಬಿಡುತ್ತೆ, ಆಮೇಲೆ ಕೈಗೆ ಸಿಗಲ್ಲ.

ಹುಲ್ಲುಗುಡ್ಡ: ಹೆಕ್ಕೋ ಕ್ರಮದ ಬಗ್ಗೆ ಹೇಳ್ತೀನಿ. ನಾಲ್ಕು ಜನಕ್ಕೆ ಒಂದು ತಂಡ: ಎಡಕ್ಕೊಬ್ಬರು, ಬಲಕ್ಕೊಬ್ಬರು ಇಕ್ಕಳ ಹಿಡಿದವರು, ಒಬ್ಬರು ಚೀಲ ಹೊರೋರು, ಒಬ್ಬರು ಫೋಟೊ ಮತ್ತು ಲೆಕ್ಕಕ್ಕೆ. ಹತ್ತುವಾಗ ಚಿಕ್ಕ ಕಸ, ಇಳಿಯುವಾಗ ದೊಡ್ಡ ಕಸ. ಏರು ಹತ್ತುವಾಗ ಕಣ್ಣು ನೆಲಕ್ಕೆ ಹತ್ತಿರ ಇರುತ್ತೆ. ಓಆರ್‌ಎಸ್, ಗ್ಲೂಕೋಸ್, ಚಾಕೊಲೇಟ್ ಪೊಟ್ಟಣದಿಂದ ಹರಿದ ಮೂಲೆ ಚೂರು, ಉಗುರಿನಷ್ಟೇ ಇರೋದು, ಆಗ ಮಾತ್ರ ಕಾಣುತ್ತೆ. ಇಳಿಯುವಾಗ ಗಮನವೆಲ್ಲ ಕಾಲ ಮೇಲೆ. ಬಾಟಲಿಯಂಥವನ್ನ ಹತ್ತುವಾಗ ನೋಡಿಟ್ಟುಕೊಂಡು ವಾಪಸ್ ಬರುವಾಗ ಎತ್ತಿ. ಒಂದು ಚೀಲಕ್ಕೆ 8 ಕಿಲೋ ಮೀರಬೇಡಿ, ಆ ಇಳಿಜಾರಲ್ಲಿ ಮಂಡಿ ಕೇಳಲ್ಲ.

ಚೀಲಕ್ಕೆ 25 ಕಿಲೋದ ಹೊಸ ಅಕ್ಕಿ ಚೀಲ ತನ್ನಿ. ಬಿಸಿಲಲ್ಲಿ ಬಿದ್ದಿದ್ದ ಹಳೇ ಗೊಬ್ಬರದ ಚೀಲ ಬೇಡವೇ ಬೇಡ. ಅದು ಎಳೆ ಎಳೆಯಾಗಿ ಉದುರಿ ದಾರಿಯುದ್ದಕ್ಕೂ ಹೊಸ ಕಸ ಹಾಕ್ಕೊಂಡೇ ಹೋಗುತ್ತೆ. ಒಡೆದ ಗಾಜಿಗೆ 5 ಲೀಟರ್ ಎಣ್ಣೆ ಕ್ಯಾನಿನ ಬಾಯಿ ಅಗಲ ಮಾಡಿ ಒಯ್ಯಿರಿ. ರಬ್ಬರ್ ಲೇಪದ ಕೈಗವಸು, 75 ಸೆಂ.ಮೀ.ಗೆ ಕಮ್ಮಿ ಇಲ್ಲದ ಇಕ್ಕಳ. ಕಲ್ಲಿನ ಸಂದಿಗೆ, ತರಗೆಲೆ ರಾಶಿಗೆ ಕೈ ಹಾಕಲೇಬೇಡಿ. ತರಗೆಲೆ ಬಣ್ಣದ್ದೇ ಮಂಡಲದ ಹಾವುಗಳು ಅಲ್ಲಿ ಮಲಗಿರುತ್ತವೆ.

ಜನ ಗಮನಿಸದ ಇನ್ನೊಂದು ಕಸ, ಇಂಬಳಕ್ಕೆ (ಕಾಡಿನ ಜಿಗಣೆಗೆ) ಅಂತ ಕೋಲಿಗೆ ಕಟ್ಟಿದ ಉಪ್ಪಿನ ಗಂಟು. ಮಳೆ ಮುಗಿದ ಮೇಲೆ ಪೊದೆಗಳಲ್ಲಿ ನೇತಾಡ್ತಿರುತ್ತೆ. ಉಪ್ಪಿನ ಆಸೆಗೆ ಪ್ರಾಣಿಗಳು ಬಟ್ಟೆ, ಪ್ಲಾಸ್ಟಿಕ್ಕನ್ನೂ ಜಗಿಯುತ್ತವೆ. ಬಾಳೆ, ಕಿತ್ತಳೆ ಸಿಪ್ಪೆಯನ್ನೂ ಕೆಳಗೆ ತನ್ನಿ, ‘ಕೊಳೆಯುತ್ತೆ ಬಿಡಿ’ ಅನ್ನೋ ಮಾತು ಬೇಡ. ಮಂಗಗಳು ಮನುಷ್ಯರ ಬ್ಯಾಗಿಗೆ ಕೈ ಹಾಕೋ ಅಭ್ಯಾಸ ಶುರುವಾಗೋದೇ ಅಲ್ಲಿಂದ.

ಶೋಲಾ ನೆರಳು: ಗುರುತುಗಳ ವಿಷಯದಲ್ಲಿ ಆತುರ ಬೇಡ. ಕಸ ಯಾರದಾದರೂ ಎತ್ತಬಹುದು, ಗುರುತು ಹಾಗಲ್ಲ. ಇವಕ್ಕೆ ಕೈ ಹಚ್ಚಬೇಡಿ: ಅಂಕಿ ಇರೋ ಅಲ್ಯುಮಿನಿಯಂ ಬಿಲ್ಲೆ (ಸಂಶೋಧಕರ ಮರಗಳು), ವನ್ಯಜೀವಿ ಗಣತಿಗೆ ನಡೆಯೋ ಸಾಲಿಗೆ ಹಚ್ಚಿದ ಬಣ್ಣ, ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದಾಗ ತಾನೇ ಫೋಟೊ ತೆಗೆಯೋ ಕ್ಯಾಮೆರಾ) ಹತ್ತಿರದ ಪಟ್ಟಿ, ಗಡಿಕಲ್ಲು, ಬನದ ಕಲ್ಲು, ಹರಕೆಯ ಬಟ್ಟೆ.

ಉಳಿದವಕ್ಕೆ ಒಂದು ಪರೀಕ್ಷೆ ಇದೆ. ಗುರುತಿನ ಹತ್ತಿರ ನಿಂತು ನೋಡಿ. ಮುಂದಿನ 50 ಮೀಟರ್ ಕಾಲ್ದಾರಿ ನೆಲದ ಮೇಲೇ ಸ್ಪಷ್ಟವಾಗಿದ್ದು, ಕವಲೂ ಇಲ್ಲ ಅಂದ್ರೆ ಆ ಗುರುತು ಬೇಡದ್ದು, ತೆಗೀಬಹುದು. ದಾರಿ ಮಧ್ಯದ ಗಿರಿಗದ್ದೆಯಿಂದ ಮೇಲಿನ ಬಯಲು ಹುಲ್ಲಿನಲ್ಲಿ ಈ ಲೆಕ್ಕ ನಡೆಯಲ್ಲ. ಮಂಜು ಕವಿದರೆ ಹತ್ತು ಹೆಜ್ಜೆ ಆಚೆ ಏನೂ ಕಾಣಲ್ಲ, ಅಲ್ಲಿಯದನ್ನ ವಾಚರ್ ಹೇಳದೆ ಮುಟ್ಟಬೇಡಿ. ತೆಗೆಯೋ ಮುಂಚೆ ಪ್ರತಿಯೊಂದಕ್ಕೂ ಫೋಟೊ ಮತ್ತು ಜಿಪಿಎಸ್ ಅಂಕಿ ಇರಲಿ.

ರಿಬ್ಬನ್ ಎಳೆದು ಕೀಳಬೇಡಿ, ತೊಗಟೆ ಸಮೇತ ಬರುತ್ತೆ. ಮೊಂಡು ತುದಿಯ ಕತ್ತರಿಯನ್ನ ಗಂಟಿನ ಎದುರು ಬದಿಯಲ್ಲಿ ತೂರಿಸಿ ಕತ್ತರಿಸಿ. ನೈಲಾನ್ ದಾರ ತೊಗಟೆಯೊಳಗೆ ಹುದುಗಿದ್ದರೆ ಹೊರಗಿನ ಎರಡೂ ತುದಿ ಕತ್ತರಿಸಿ ಒಳಗಿನದನ್ನ ಬಿಟ್ಟುಬಿಡಿ.

ಪೇರಿಸಿದ ಕಲ್ಲನ್ನ ಒದ್ದು ಬೀಳಿಸೋದು ತಪ್ಪು. ಮೇಲಿಂದ ಒಂದೊಂದಾಗಿ ಎತ್ತಿ. ಕಲ್ಲುಹೂ ಹಿಡಿದ ಮುಖ ಮೇಲೆ, ಮಣ್ಣಿನ ಕಲೆ ಇರೋ ಮುಖ ಕೆಳಗೆ ಬರೋ ಹಾಗೆ ಅಕ್ಕಪಕ್ಕದ ಖಾಲಿ ಗುಳಿಯಲ್ಲಿ ಕೂರಿಸಿ. ಆ ಗುಳಿಯೇ ಕಲ್ಲಿನ ಹಳೇ ಜಾಗ. ಅದರಡಿ ಕಪ್ಪೆ, ಚೇಳು, ಹಲ್ಲಿಗಳ ಸಂಸಾರ ಇತ್ತು.

ಬಣ್ಣದ ಬಾಣದ ಮೇಲೆ ಥಿನ್ನರ್ ಸುರಿಯಬೇಡಿ. ಅದು ಹರಿದು ಹೋದಲ್ಲೆಲ್ಲ ಕಲ್ಲುಹೂ ಸಾಯುತ್ತೆ, ವರ್ಷಕ್ಕೆ ಮಿಲಿಮೀಟರ್ ಲೆಕ್ಕದಲ್ಲಿ ಬೆಳೆಯೋದದು. ಉಳಿ ಹಚ್ಚಿದರೆ ಬಣ್ಣಕ್ಕಿಂತ ಎದ್ದು ಕಾಣೋ ಬಿಳಿ ಗಾಯ ಉಳಿಯುತ್ತೆ. ಪಟ್ಟಿ ಮಾಡಿ ಇಲಾಖೆಗೆ ಕೊಡಿ, ಮತ್ತೆ ಬಳಿಯದ ಹಾಗೆ ನೋಡಿಕೊಂಡರೆ ಬಿಸಿಲು ಮಳೆಗೆ ಮಾಸುತ್ತೆ.

ಪ್ರಶ್ನೆ ಕೇಳಿದವರು: ಒಳದಾರಿಗಳಿಗೆ ಕಟ್ಟಿರೋ ರಿಬ್ಬನ್?

ಶೋಲಾ ನೆರಳು: ಅದನ್ನೇ ಮೊದಲು ತೆಗೀಬೇಕು, ಹೆಚ್ಚು ಹಾಳು ಮಾಡೋದು ಅದೇ. ಹುಲ್ಲಿನಲ್ಲಿ ಎರಡನೇ ದಾರಿ ಬಿದ್ದರೆ ಮಳೆ ನೀರು ಅದರಲ್ಲೇ ಹರಿದು ಕೊರಕಲು ಮಾಡುತ್ತೆ. ಕೊರಕಲಲ್ಲಿ ನಡೆಯೋಕಾಗದೆ ಜನ ಪಕ್ಕದಲ್ಲಿ ಮೂರನೇದು ಮಾಡ್ತಾರೆ. ಬರೀ ರಿಬ್ಬನ್ ತೆಗೆದರೆ ಸಾಲದು. ಬಿದ್ದಿರೋ ಒಣ ಕೊಂಬೆಗಳನ್ನ ಒಳದಾರಿಯ ಬಾಯಿಗೆ ಮೂರು ನಾಲ್ಕು ಮೀಟರ್ ಅಡ್ಡಡ್ಡ ಹಾಸಿ, ಮೇಲಿನ ತುದಿಯಲ್ಲೂ ಹಾಗೇ ಮಾಡಿ. ಹಸಿ ಕೊಂಬೆ ಕಡಿಯಬಾರದು.

ಮಲೆಸೀಮೆ: ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆ ಇದೇ ಕೆಲಸ ಮಾಡೋರಿಗೆ ಒಂದು ಮಾತು. ಉಣ್ಣೆ ಹುಳ ಕಚ್ಚಿ ಬರೋ ಮಂಗನ ಕಾಯಿಲೆ ಹರಡೋ ಕಾಲವೂ ಇದೇ, ಡಿಸೆಂಬರಿಂದ ಮೇವರೆಗೆ. ತರಗೆಲೆ ಮೇಲೆ ಕೂರಬೇಡಿ, ಪ್ಯಾಂಟನ್ನ ಕಾಲುಚೀಲದೊಳಗೆ ಸೇರಿಸಿ, ಉಣ್ಣೆ ಹತ್ತದ ಹಾಗೆ ಆರೋಗ್ಯ ಕೇಂದ್ರದಲ್ಲಿ ಕೊಡೋ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ.

ಘಟ್ಟದಾರಿ: ಕಸ ಎಲ್ಲಿಗೆ ಅಂತ ಕೇಳಿದ್ದಿರಿ. ಗ್ರಾಮ ಪಂಚಾಯ್ತಿಯ ಒಣ ಕಸದ ಘಟಕಕ್ಕೆ ವಾರ ಮುಂಚೆ ಹೇಳಿಡಿ, ಭಾನುವಾರ ಸಂಜೆ ಬಾಗಿಲಲ್ಲಿ ಚೀಲ ಇಟ್ಟು ಬರಬೇಡಿ. ನಾಯಿ ಎಳೆದು ಮತ್ತೆ ಹರಡುತ್ತೆ. ಪೆಟ್ ಬಾಟಲಿ ಗುಜರಿಯವರು ತಗೋತಾರೆ. ಚಿಪ್ಸ್, ಬಿಸ್ಕತ್ ಪೊಟ್ಟಣ ಯಾರಿಗೂ ಬೇಡ, ಮಣ್ಣು ಹಿಡಿದು ಒದ್ದೆಯಾಗಿದ್ದರಂತೂ ಘಟಕದವರೂ ತಿರುಗಿಸಿ ಕಳಿಸ್ತಾರೆ. ಕೆಳಗೆ ಬಂದ ಮೇಲೆ ಟಾರ್ಪಲ್ ಹಾಸಿ ಅರ್ಧ ದಿನ ಒಣಗಿಸಿ, ಕೊಡವಿ, ಬಾಟಲಿ, ಪೊಟ್ಟಣ, ಗಾಜು ಬೇರೆ ಬೇರೆ ಕಟ್ಟಿ. ಕಾಡಲ್ಲಿ ಹೂಳಿದರೆ ಹಂದಿ ಕೆದಕುತ್ತೆ, ಸುಡೋ ಯೋಚನೆಯಂತೂ ಬೇಡ.

ಒಣಗೋ ಹೊತ್ತಿನಲ್ಲಿ ಯಾವ ಬಗೆಯದು ಎಷ್ಟು ಅಂತ ಎಣಿಸಿ ಬರೆದು ವಲಯ ಕಚೇರಿಗೂ ಬುಡದ ಅಂಗಡಿಯವರಿಗೂ ಒಂದೊಂದು ಪ್ರತಿ ಕೊಡಿ. ಗ್ಲೂಕೋಸ್ ಪೊಟ್ಟಣವೇ ಹೆಚ್ಚು ಅಂತ ಕಂಡರೆ, ಅದನ್ನ ಬಾಟಲಿಗೇ ಸುರಿದುಕೊಟ್ಟು ಪೊಟ್ಟಣ ಅಂಗಡಿಯಲ್ಲೇ ಉಳಿಸಿಕೊಳ್ಳಿ ಅಂತ ಕೇಳೋಕೆ ಆಧಾರ ಸಿಗುತ್ತೆ.