ಹಳೆ ಡೆಸ್ಕ್‌ಟಾಪನ್ನು ರೂಟರ್ ಮಾಡಿದ ಮೇಲೆ ಕೆಲವು ಸೈಟ್ ತೆರೆಯುತ್ತಿಲ್ಲ, ಪಿಂಗ್ ಮಾತ್ರ ಸರಿಯಾಗಿದೆ

ಹಳೇಡಬ್ಬ:
ನಮಸ್ಕಾರ. ಸುಮ್ನೆ ಬಿದ್ದಿದ್ದ ಹಳೆ ಡೆಸ್ಕ್‌ಟಾಪಿಗೆ ಇನ್ನೊಂದು ನೆಟ್‌ವರ್ಕ್ ಕಾರ್ಡ್ ಹಾಕಿ, ಡೆಬಿಯನ್ ಲಿನಕ್ಸ್ ಇನ್‌ಸ್ಟಾಲ್ ಮಾಡಿ, ಮನೆಯ ರೂಟರ್ ಮಾಡಿಕೊಂಡಿದ್ದೇನೆ. ಒಂದು ಕಾರ್ಡ್ ಮೋಡೆಮ್‌ಗೆ, ಇನ್ನೊಂದು ಸ್ವಿಚ್‌ಗೆ. ಕನೆಕ್ಷನ್ ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ ಬಗೆ). ಐಪಿ ಫಾರ್ವರ್ಡಿಂಗ್ ಆನ್ ಇದೆ, ಎನ್‌ಎಫ್‌ಟೇಬಲ್ಸ್ ಎಂಬ ಲಿನಕ್ಸ್ ಫೈರ್‌ವಾಲ್‌ನಲ್ಲಿ ಮಾಸ್ಕರೇಡ್ (ಮನೆಯ ಎಲ್ಲ ಸಾಧನಗಳೂ ರೂಟರಿನ ಒಂದೇ ಐಪಿಯಿಂದ ಹೊರಹೋಗುವ ನಿಯಮ) ಹಾಕಿದ್ದೇನೆ, ಎಲ್ಲ ಸಾಧನಗಳಿಗೂ ಐಪಿ ಸಿಗುತ್ತಿದೆ.

ಲ್ಯಾಪ್‌ಟಾಪಿನಿಂದ ಎಲ್ಲ ಕಡೆಗೂ ಪಿಂಗ್ ಹೋಗುತ್ತದೆ. ಕೆಲವು ಸೈಟ್ ಕೂಡಲೇ ತೆರೆಯುತ್ತವೆ. ಇನ್ನು ಕೆಲವು ಸುತ್ತುತ್ತಲೇ ಇದ್ದು ಕೊನೆಗೆ ಟೈಮ್‌ಔಟ್ ಆಗುತ್ತವೆ. ಅದೇ ಸೈಟನ್ನು ರೂಟರ್ ಪೆಟ್ಟಿಗೆಯಲ್ಲೇ ಕರ್ಲ್ ಕಮಾಂಡ್ ಓಡಿಸಿ ತೆಗೆದರೆ ತಕ್ಷಣ ಬರುತ್ತದೆ! ಡಿಎನ್‌ಎಸ್ ಬದಲಿಸಿ ನೋಡಿದೆ, ಕೇಬಲ್ ಬದಲಿಸಿ ನೋಡಿದೆ. ಕಾರ್ಡ್ ಹಳೆಯದು, ಅದೇ ಕೆಟ್ಟಿರಬಹುದಾ?

ತಂತಿಗಂಟು:
ಎಥ್‌ಟೂಲ್ ಕಮಾಂಡ್‌ನಲ್ಲಿ ಎರಡೂ ಕಾರ್ಡಿನ ಎರರ್ ಲೆಕ್ಕ ನೋಡಿ. ಮೋಡೆಮ್ ಕಡೆ ಮತ್ತು ಮನೆ ಕಡೆ ಎರಡೂ 192.168.1 ಸಾಲಿನಲ್ಲೇ ಇದ್ದರೂ ತಲೆನೋವು.

ಹಳೇಡಬ್ಬ:
ಎರರ್ ಸೊನ್ನೆ. ಮನೆಯೊಳಗೆ 192.168.10 ಸಾಲು, ಘರ್ಷಣೆ ಇಲ್ಲ.

ಪ್ಯಾಕೆಟ್‌ಪ್ರಿಯ:
ಹಾಗಿದ್ದರೆ ಕಾರ್ಡ್ ಮೇಲೆ ಅನುಮಾನ ಬೇಡ. ಅದು ಕೆಟ್ಟಿದ್ದರೆ ಎಲ್ಲ ಸೈಟೂ ಒದ್ದಾಡುತ್ತಿತ್ತು. ರೂಟರಿಗೆ ಬರುತ್ತದೆ, ಅದರ ಹಿಂದಿರುವ ಲ್ಯಾಪ್‌ಟಾಪಿಗೆ ಬರಲ್ಲ ಅಂದಿರಲ್ಲ, ಸುಳಿವು ಅಲ್ಲೇ ಇದೆ. ಪಿಪಿಪಿಒಇ ಬೇರೆ. ಇದು ಎಂಟಿಯು (ಒಂದು ಲಿಂಕ್‌ನಲ್ಲಿ ಹೋಗಬಹುದಾದ ಅತಿ ದೊಡ್ಡ ಪ್ಯಾಕೆಟ್‌ನ ಗಾತ್ರ) ತಕರಾರು.

ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್ ತನಕ ಇರಬಹುದು. ಪಿಪಿಪಿಒಇ ತನ್ನ ಹೆಡರ್‌ಗೆ 8 ಬೈಟ್ ತೆಗೆದುಕೊಳ್ಳುತ್ತದೆ. ಉಳಿಯುವುದು 1492. ಇದು ನಿಮ್ಮ ಡೆಸ್ಕ್‌ಟಾಪಿಗೆ ಗೊತ್ತು, ಏಕೆಂದರೆ ಆ ಲಿಂಕ್ ಇರುವುದು ಅದರ ಮೇಲೆಯೇ. ಲ್ಯಾಪ್‌ಟಾಪಿಗೆ ಗೊತ್ತಿಲ್ಲ. ಅದು ತನ್ನ ಕೇಬಲ್ ನೋಡಿಕೊಂಡು, 'ನನಗೆ ಒಂದು ಸಲಕ್ಕೆ 1460 ಬೈಟ್ ಕಳಿಸು' ಎಂದು ಸರ್ವರಿಗೆ ಹೇಳುತ್ತದೆ. ಐಪಿ ಹೆಡರ್‌ಗೆ 20, ಟಿಸಿಪಿ ಹೆಡರ್‌ಗೆ 20 ಸೇರಿದರೆ ಸರಿಯಾಗಿ 1500. ಸರ್ವರ್ ಹಾಗೆಯೇ ಕಳಿಸುತ್ತದೆ. ಪ್ಯಾಕೆಟ್ ಪಿಪಿಪಿಒಇ ಬಾಗಿಲಲ್ಲಿ ಹಿಡಿಸದೆ ಬಿದ್ದುಹೋಗುತ್ತದೆ. 'ದೊಡ್ಡದಾಯಿತು, ಚಿಕ್ಕದು ಕಳಿಸು' ಎಂಬ ಐಸಿಎಂಪಿ ಸಂದೇಶ ಸರ್ವರಿಗೆ ವಾಪಸ್ ಹೋಗಬೇಕು. ಅದನ್ನು ದಾರಿಯಲ್ಲಿ ಯಾವುದೋ ಫೈರ್‌ವಾಲ್ ತಡೆದರೆ ಸರ್ವರ್ ಅದೇ ಗಾತ್ರದ್ದನ್ನೇ ಮತ್ತೆ ಮತ್ತೆ ಕಳಿಸುತ್ತಾ ಕೂರುತ್ತದೆ.

ಪಿಂಗ್ ಪ್ಯಾಕೆಟ್ ಪುಟ್ಟದು, ಅದಕ್ಕೇ ಹೋಗುತ್ತದೆ. ತೆರೆಯುತ್ತಿರುವ ಸೈಟ್‌ಗಳಲ್ಲಿ ಕೆಲವು ಕ್ವಿಕ್ ಎಂಬ ಪ್ರೋಟೋಕಾಲ್ ಬಳಸುತ್ತಿರಬಹುದು. ಅದು ಟಿಸಿಪಿ ಬದಲು ಯುಡಿಪಿ ಮೇಲೆ, 1200 ಬೈಟ್ ಆಸುಪಾಸಿನ ಪ್ಯಾಕೆಟ್‌ನಿಂದ ಶುರುಮಾಡುತ್ತದೆ. ಹಾಗಾಗಿ ಸಿಕ್ಕಿಹಾಕಿಕೊಳ್ಳುವುದಿಲ್ಲ.

ಮೊದಲು ಖಚಿತ ಮಾಡಿಕೊಳ್ಳಿ. ಲ್ಯಾಪ್‌ಟಾಪಿನಿಂದ, ಪ್ಯಾಕೆಟ್ ಒಡೆಯಬಾರದು ಎಂಬ ಆಯ್ಕೆ ಕೊಟ್ಟು, 1472 ಗಾತ್ರದ ಪಿಂಗ್ ಮಾಡಿ. ಹೆಡರ್‌ಗಳ 28 ಸೇರಿ 1500 ಆಗುತ್ತದೆ, ಹೋಗಬಾರದು. 1464ಕ್ಕೆ ಇಳಿಸಿದರೆ ಹೋಗಬೇಕು. ಆಮೇಲೆ ಲ್ಯಾಪ್‌ಟಾಪಿನ ಎಂಟಿಯುವನ್ನೇ ತಾತ್ಕಾಲಿಕವಾಗಿ 1492 ಮಾಡಿ, ತೆರೆಯದ ಸೈಟ್ ತೆರೆದು ನೋಡಿ. ಬಂದರೆ ರೋಗ ಇದೇ.

ಹಾಗಂತ ಮನೆಯ ಒಂದೊಂದೇ ಸಾಧನದಲ್ಲಿ ಎಂಟಿಯು ಬದಲಿಸುತ್ತಾ ಹೋಗಬೇಡಿ. ರೂಟರಿನ ಫಾರ್ವರ್ಡ್ ಚೈನ್‌ನಲ್ಲಿ (ರೂಟರ್ ಮೂಲಕ ಹಾದುಹೋಗುವ ಪ್ಯಾಕೆಟ್‌ಗಳ ನಿಯಮಪಟ್ಟಿ) ಒಂದು ನಿಯಮ ಸಾಕು: ಪಿಪಿಪಿ ಇಂಟರ್‌ಫೇಸ್ ಮೂಲಕ ಹೊರಗೆ ಹೋಗುವ ಟಿಸಿಪಿ ಸಿನ್ ಪ್ಯಾಕೆಟ್‌ಗಳ (ಕನೆಕ್ಷನ್ ಶುರುಮಾಡುವಂಥವು) ಎಂಎಸ್‌ಎಸ್ ಅನ್ನು, ಅಂದರೆ ಮೇಲೆ ಹೇಳಿದ ಆ 1460ರ ಸಂಖ್ಯೆಯನ್ನು, ರೂಟ್‌ನ ಎಂಟಿಯುಗೆ ತಕ್ಕಂತೆ ತಗ್ಗಿಸು. ಇದೇ ಎಂಎಸ್‌ಎಸ್ ಕ್ಲಾಂಪಿಂಗ್. ಆಗ ಸರ್ವರಿಗೆ ಕಾಣುವ ಸಂಖ್ಯೆ 1452. ರೂಟರಿಗೇ ಬರುವ ಪ್ಯಾಕೆಟ್‌ಗಳ ಇನ್‌ಪುಟ್ ಚೈನ್‌ನಲ್ಲಿ ಹಾಕಿದರೆ ಏನೂ ಆಗಲ್ಲ, ಲ್ಯಾಪ್‌ಟಾಪಿನ ಪ್ಯಾಕೆಟ್ ಆ ಕಡೆ ಹೋಗುವುದೇ ಇಲ್ಲ. ಸಾಲಿನ ಜಾಗವೂ ಮುಖ್ಯ. ಅಕ್ಸೆಪ್ಟ್ ನಿಯಮದ ಮೇಲೆ ಇರಲಿ, ಕೆಳಗಿದ್ದರೆ ಪ್ಯಾಕೆಟ್ ಅಲ್ಲಿಗೆ ತಲುಪದೇ ಹೋಗಬಹುದು.

ತಂತಿಗಂಟು:
ರೂಟರಿಗೆಂದೇ ಮಾಡಿದ ಓಪನ್‌ಡಬ್ಲ್ಯೂಆರ್‌ಟಿ ಸಿಸ್ಟಮ್‌ನಲ್ಲಿ ವ್ಯಾನ್ (ಇಂಟರ್ನೆಟ್ ಕಡೆಯ) ಝೋನ್‌ಗೆ ಈ ಕ್ಲಾಂಪಿಂಗ್ ಮೊದಲೇ ಆನ್ ಇರುತ್ತದೆ. ಬರೀ ಡೆಬಿಯನ್ ಮೇಲೆ ಕಟ್ಟುವವರಿಗೇ ಇದು ಜಾಸ್ತಿ ಕಾಡುವುದು.

ಹಳೇಡಬ್ಬ:
1472 ಹೋಗಲಿಲ್ಲ, 1464 ಹೋಯಿತು. ನಿಯಮ ಹಾಕಿದ ಕೂಡಲೇ ಎಲ್ಲ ಸೈಟೂ ತೆರೆದವು. ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ. ಇನ್ನೊಂದು ಕೇಳಲಾ? ವೈಫೈಗೆ ಹಳೆ ರೂಟರನ್ನೇ ಬಳಸಬಹುದಾ?

ಪ್ಯಾಕೆಟ್‌ಪ್ರಿಯ:
ಧಾರಾಳವಾಗಿ. ಅದರ ಡಿಎಚ್‌ಸಿಪಿ (ಸಾಧನಗಳಿಗೆ ಐಪಿ ಹಂಚುವ ಸೇವೆ) ಆಫ್ ಮಾಡಿ, ಅದಕ್ಕೆ ನಿಮ್ಮ 192.168.10 ಸಾಲಿನಲ್ಲೇ ಬೇರೆ ಯಾರಿಗೂ ಹೋಗದ ಒಂದು ಐಪಿ ಕೊಡಿ. ಸ್ವಿಚ್‌ನಿಂದ ಬರುವ ಕೇಬಲ್ಲನ್ನು ಅದರ ಲ್ಯಾನ್ ಪೋರ್ಟಿಗೆ ಚುಚ್ಚಿ, ವ್ಯಾನ್ ಪೋರ್ಟ್ ಖಾಲಿ ಬಿಡಿ.

ಇನ್ನೆರಡು ಮಾತು. ಹೊರಗಿನಿಂದ ರೂಟರಿಗೇ ಬರುವ ಹೊಸ ಕನೆಕ್ಷನ್‌ಗಳನ್ನು ತಡೆಯಿರಿ, ಆದರೆ ಭದ್ರತೆ ಅಂತ ಐಸಿಎಂಪಿಯನ್ನು ಪೂರ್ತಿ ಮುಚ್ಚಬೇಡಿ. ನಿಮಗೆ ಆದ ತೊಂದರೆ ಇನ್ನೊಬ್ಬರಿಗೆ ಆಗುವುದು ಹಾಗೆಯೇ. ಐಪಿವಿ6 ಬಳಸಿದರಂತೂ ನಡುವಿನ ರೂಟರ್‌ಗಳು ಪ್ಯಾಕೆಟ್ ಒಡೆಯುವುದೇ ಇಲ್ಲ, ಆ ಸಂದೇಶ ಬೇಕೇಬೇಕು. ಮತ್ತೆ, ಟರ್ಮಿನಲ್‌ನಲ್ಲಿ ಹಾಕಿದ ನಿಯಮ ರೀಬೂಟ್ ಆದರೆ ಹೋಗುತ್ತದೆ. ಎನ್‌ಎಫ್‌ಟೇಬಲ್ಸ್‌ನ ಕಾನ್ಫಿಗ್ ಫೈಲಿಗೆ ಸೇರಿಸಿ, ಸರ್ವಿಸ್ ಎನೇಬಲ್ ಮಾಡಿ, ಒಂದು ಸಲ ರೀಬೂಟ್ ಮಾಡಿ ನೋಡಿಬಿಡಿ.