ಅತ್ತಿಕಾಯಿಯ ಕಣಜ ಮತ್ತು ಸೃಷ್ಟಿಕರ್ತನ ಕೈವಾಡದ ವಾದ

ಪ್ರಶ್ನೆ (ಸಕಲೇಶಪುರ):
ಭಾನುವಾರದ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶ ಹೇಳುವ ಕೆಲಸ ನನ್ನದು. ಸೃಷ್ಟಿಯ ಪಾಠಕ್ಕೆಂದು ಅವರನ್ನು ಕಾಫಿ ತೋಟದಲ್ಲಿ ನೆರಳಿಗೆ ಬಿಟ್ಟಿರುವ ಅತ್ತಿಮರದ ಬಳಿಗೆ ಕರೆದೊಯ್ದೆ. ಕಾಯಿಯ ತುದಿಯ ಸಣ್ಣ ಕಣ್ಣಿನೊಳಗೆ ಹೆಣ್ಣು ಕಣಜವು ರೆಕ್ಕೆ ಕಳೆದುಕೊಂಡು ನುಸುಳಿ, ಹೊತ್ತು ತಂದ ಪರಾಗವನ್ನು ಕಾಯಿಯೊಳಗಿನ ಹೂಗಳಿಗೆ ಮುಟ್ಟಿಸಿ, ಮೊಟ್ಟೆಯಿಟ್ಟು ಅಲ್ಲಿಯೇ ಸಾಯುತ್ತದೆಂದೂ, ಅದಿಲ್ಲದೆ ಅತ್ತಿಗೆ ಬೀಜವಿಲ್ಲ, ಅತ್ತಿಯಿಲ್ಲದೆ ಅದಕ್ಕೆ ಸಂತಾನವಿಲ್ಲವೆಂದೂ ವಿವರಿಸಿ, ಈ ಹೊಂದಾಣಿಕೆ ತಾನಾಗಿ ಆದೀತೇ ಎಂದು ಕೇಳಿದೆ. ಆಗ ಹುಡುಗನೊಬ್ಬ, ಕಾಯಿಯ ಮೇಲೆ ಕುಳಿತು ಕೂದಲಿನಂಥ ಉದ್ದನೆಯ ಸೂಜಿಯನ್ನು ಒಳಕ್ಕೆ ಇಳಿಸುತ್ತಿದ್ದ ಬೇರೊಂದು ಕಣಜವನ್ನು ತೋರಿಸಿ, "ಇದನ್ನೂ ದೇವರೇ ಮಾಡಿದ್ದೇ?" ಎಂದ. ನನಗೆ ಉತ್ತರ ಹೊಳೆಯಲಿಲ್ಲ. ತಿಳಿದವರು ಹೇಳಬೇಕು.

ಉತ್ತರ 1 (ಚಿಕ್ಕಮಗಳೂರು):
ನೀವು ಹೇಳಿದ್ದು ಸರಿಯಾಗಿಯೇ ಇದೆ. ಕಣ್ಣಿಗೆ ಕಾಣದ ದೇವರ ಗುಣಗಳು ಸೃಷ್ಟಿಯಲ್ಲಿ ತಿಳಿದುಬರುತ್ತವೆ ಎಂಬುದು ಬೈಬಲ್ಲಿನಲ್ಲಿ ರೋಮನ್ನರಿಗೆ ಬರೆದ ಪತ್ರದ 1:20ರ ತಾತ್ಪರ್ಯ. ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ 1802ರಲ್ಲಿ ಕೊಟ್ಟ ಗಡಿಯಾರದ ಉಪಮೆಯೂ ಇದನ್ನೇ ಹೇಳುತ್ತದೆ: ಬಯಲಲ್ಲಿ ಗಡಿಯಾರ ಬಿದ್ದಿದ್ದರೆ ಅದನ್ನು ಮಾಡಿದವನೊಬ್ಬನು ಇದ್ದಾನೆಂದು ಒಪ್ಪುತ್ತೇವೆ.

ಉತ್ತರ 2 (ಹಾಸನ, ಜೀವಶಾಸ್ತ್ರ ಅಧ್ಯಾಪಕ):
ಗಡಿಯಾರ ಮರಿ ಹಾಕುವುದಿಲ್ಲ, ಕಣಜ ಹಾಕುತ್ತದೆ; ಉಪಮೆ ಸೋಲುವುದು ಅಲ್ಲಿಯೇ. ತಲೆಮಾರಿನಿಂದ ತಲೆಮಾರಿಗೆ ಸಣ್ಣ ವ್ಯತ್ಯಾಸಗಳು ಉಳಿಯುತ್ತಾ ಅಳಿಯುತ್ತಾ ಕೋಟ್ಯಂತರ ವರ್ಷಗಳಲ್ಲಿ ಇಂಥ ಹೊಂದಾಣಿಕೆ ಮೂಡಬಲ್ಲದು. ಆಲ, ಅರಳಿಗಳೂ ಸೇರಿದಂತೆ ಈ ಕುಲದಲ್ಲಿರುವ ಸುಮಾರು 750 ಜಾತಿಗಳಲ್ಲಿ ಹೆಚ್ಚಿನವಕ್ಕೆ ಅವುಗಳದೇ ಕಣಜಗಳಿವೆ. ಹುಡುಗ ಕಂಡದ್ದು ಪರಾಗ ತರದೆ ಹೊರಗಿನಿಂದಲೇ ಮೊಟ್ಟೆಯಿಡುವ ಜಾತಿ; ಅಂಥವುಗಳಲ್ಲಿ ಕೆಲವುಗಳ ಮರಿಗಳು ಒಳಗಿರುವ ಕಣಜದ ಮರಿಗಳನ್ನೇ ಬಲಿ ಪಡೆಯುತ್ತವೆ. ಕಂಬಳಿಹುಳುವನ್ನು ಜೀವಂತವಾಗಿ ಒಳಗಿನಿಂದ ತಿನ್ನುವ ಕಣಜವನ್ನು ಕರುಣಾಮಯನಾದ ದೇವರು ಉದ್ದೇಶಪೂರ್ವಕವಾಗಿ ಸೃಷ್ಟಿಸಿದನೆಂದು ನಂಬಲಾರೆನೆಂದು ಡಾರ್ವಿನ್ 1860ರಲ್ಲಿ ಏಸಾ ಗ್ರೇ ಅವರಿಗೆ ಬರೆದಿದ್ದರು. ಆ ಗ್ರೇ ಸಸ್ಯವಿಜ್ಞಾನಿಯೂ ಹೌದು, ಭಕ್ತ ಕ್ರೈಸ್ತರೂ ಹೌದು. ವಿಕಾಸವನ್ನು ಒಪ್ಪಿಯೂ ಅವರು ನಂಬಿಕೆ ಬಿಡಲಿಲ್ಲ. ನಿಮ್ಮ ಹುಡುಗ ಒಳ್ಳೆಯ ಸಾಲಿನಲ್ಲೇ ನಿಂತಿದ್ದಾನೆ ಬಿಡಿ.

ಉತ್ತರ 3 (ಮೂಡಿಗೆರೆ):
ಅಧ್ಯಾಪಕರ ಮಾತು ಪೇಲಿಗೆ ತಾಗುತ್ತದೆ, ಅಕ್ವಿನಾಸರಿಗೆ ಅಷ್ಟಾಗಿ ತಾಗುವುದಿಲ್ಲ. 13ನೆಯ ಶತಮಾನದ ಆ ಕ್ರೈಸ್ತ ತತ್ವಜ್ಞಾನಿ ಈ ವಾದದಲ್ಲಿ ಯಂತ್ರದ ಮಾತನ್ನೇ ಎತ್ತಲಿಲ್ಲ; ಬುದ್ಧಿಯಿಲ್ಲದ ವಸ್ತುಗಳೂ ಒಂದು ಗುರಿಯ ಕಡೆಗೆ ಕ್ರಮವಾಗಿ ಸಾಗುವುದನ್ನು ಕಂಡು, ಬಾಣದ ಹಿಂದೆ ಬಿಲ್ಲುಗಾರನಿರುವಂತೆ ಅವುಗಳ ಹಿಂದೆಯೂ ಒಬ್ಬನಿರಬೇಕೆಂದರು. ವಿಕಾಸವೂ ನಿಯಮಕ್ಕೆ ಒಳಪಟ್ಟೇ ನಡೆಯುವುದಾದರೆ ಆ ನಿಯಮವೆಲ್ಲಿಂದ ಬಂತೆಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಇದು ಪುರಾವೆಯಲ್ಲ, ನಂಬುವವನು ಲೋಕವನ್ನು ಓದಿಕೊಳ್ಳುವ ಬಗೆ ಎಂದು ನಾನು ತಿಳಿದಿದ್ದೇನೆ. ವಿಕಾಸವಾದವು ಬರಿಯ ಊಹೆಗಿಂತ ಹೆಚ್ಚಿನದೆಂದು 1996ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರೇ ಹೇಳಿರುವುದರಿಂದ, ಡಾರ್ವಿನ್ ಹೆಸರೆತ್ತಲು ನೀವು ಹಿಂಜರಿಯಬೇಕಾಗಿಲ್ಲ. ಹುಡುಗನ ಪ್ರಶ್ನೆಗೆ ಮಾತ್ರ ಬೈಬಲ್ಲಿನ ಯೋಬನ ಗ್ರಂಥ ತೆಗೆಯಿರಿ. 38ನೆಯ ಅಧ್ಯಾಯದ ಕೊನೆಯಲ್ಲಿ ದೇವರು ಸಿಂಹಿಣಿಗೆ ಬೇಟೆ ಒದಗಿಸುವವರಾರೆಂದು ಕೇಳುತ್ತಾನೆ. 39ರ ಕೊನೆಯಲ್ಲಿ ರಕ್ತ ಹೀರುವ ಹದ್ದಿನ ಮರಿಗಳನ್ನೂ ತನ್ನ ಲೆಕ್ಕಕ್ಕೇ ಸೇರಿಸಿಕೊಳ್ಳುತ್ತಾನೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆಗಳು. ಬರುವ ಭಾನುವಾರ ಆ ಎರಡು ಅಧ್ಯಾಯಗಳನ್ನು ಅದೇ ಹುಡುಗನಿಂದ ಓದಿಸುತ್ತೇನೆ, ಅತ್ತಿಮರದ ಕೆಳಗೇ.